ತುಂಬದ ಬ್ಯಾಟರಿಯ ಲೆಕ್ಕ: ವೆಲ್ಡಿಂಗ್ ಜನರೇಟರಿನಿಂದ ಇನ್ವರ್ಟರ್ ಚಾರ್ಜ್ ಮಾಡುವವರು ಗಮನಿಸಬೇಕಾದ ಅಂಶಗಳು

ಕೊಳ್ಳೇಗಾಲಕ್ಕೆ ಸಮೀಪದ ಶಿವನಸಮುದ್ರದಲ್ಲಿ 1902ರಲ್ಲಿ ಜಲವಿದ್ಯುತ್ ಉತ್ಪಾದನೆ ಆರಂಭವಾಯಿತು. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ರೂಪುಗೊಂಡ ಆ ಯೋಜನೆಯ ವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರದ ಕೋಲಾರ ಚಿನ್ನದ ಗಣಿಗಳಿಗೆ ಹರಿಯಿತು. ಅಷ್ಟು ದೂರದ ತಂತಿಯಲ್ಲಿ ವಿದ್ಯುತ್ತು ಸೋರಿ ಹೋಗಬಾರದೆಂದು ಅಂದಿನ ಎಂಜಿನಿಯರುಗಳು ಅದನ್ನು ಅತ್ಯಧಿಕ ವೋಲ್ಟೇಜಿಗೆ ಏರಿಸಿ ಕಳುಹಿಸಿದರು. ತಂತಿ ಉದ್ದವಾದಷ್ಟೂ, ಸಣ್ಣದಾದಷ್ಟೂ ವೋಲ್ಟೇಜು ಕುಸಿಯುತ್ತದೆ ಎಂಬ ಆ ಮೂಲ ನಿಯಮವು ಇಂದು ಹನೂರಿನ ಒಂದು ಫ್ಯಾಬ್ರಿಕೇಷನ್ ಶೆಡ್ಡಿನಲ್ಲಿ ಎಳೆದಿರುವ 60 ಮೀಟರ್ ವೈರಿಗೂ ಅಷ್ಟೇ ನಿಷ್ಠುರವಾಗಿ ಅನ್ವಯಿಸುತ್ತದೆ.

ಕೊಳ್ಳೇಗಾಲ, ಹನೂರು ಮತ್ತು ಯಳಂದೂರು ತಾಲ್ಲೂಕುಗಳಿಗೆ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮವು ವಿದ್ಯುತ್ ಒದಗಿಸುತ್ತಿದೆ. ಆದರೆ ಗೇಟು, ಗ್ರಿಲ್ಲು, ಶೆಡ್ಡಿನ ಟ್ರಸ್ಸು, ಟ್ರಾಕ್ಟರ್ ಟ್ರೈಲರ್ ಮುಂತಾದ ಕೆಲಸಗಳನ್ನು ವಹಿಸಿಕೊಳ್ಳುವ ಸಣ್ಣ ಉದ್ದಿಮೆದಾರರು ತಂತಿ ಇರುವ ಕಡೆಯೇ ಕೆಲಸ ಮಾಡಲಾಗದು. ಮಲೆ ಮಹದೇಶ್ವರ ಬೆಟ್ಟದ ಕಾಡಂಚಿನ ಊರುಗಳು, ಬಿಳಿಗಿರಿರಂಗನ ಬೆಟ್ಟದ ತಪ್ಪಲಿನ ಹೊಲಗಳು, ಊರಿನಿಂದ ದೂರವಿರುವ ಕಲ್ಲು ಕ್ವಾರಿಗಳು ಇವರ ಕೆಲಸದ ತಾಣಗಳು. ಅಲ್ಲಿಗೆ ಎಂಜಿನ್ ಜೋಡಿಸಿದ ವೆಲ್ಡಿಂಗ್ ಜನರೇಟರನ್ನು ಒಯ್ಯುತ್ತಾರೆ. ಎಂಜಿನ್ ನಿಂತ ಮೇಲೆ ದೀಪ, ಫ್ಯಾನು, ಮೊಬೈಲು, ಬಿಲ್ಲಿಂಗ್ ಕಂಪ್ಯೂಟರು ಮತ್ತು ಸಣ್ಣ ಡ್ರಿಲ್ಲಿಂಗ್ ಯಂತ್ರಗಳಿಗಾಗಿ ಇನ್ವರ್ಟರ್ ಮತ್ತು ಬ್ಯಾಟರಿಗಳನ್ನು ಇಟ್ಟುಕೊಳ್ಳುತ್ತಾರೆ. ಹಗಲು ವೆಲ್ಡಿಂಗ್ ಜನರೇಟರ್ ಓಡುವಾಗಲೇ ಬ್ಯಾಟರಿಯೂ ತುಂಬಿಕೊಳ್ಳಲಿ ಎಂಬುದು ಸಹಜವಾದ ಲೆಕ್ಕಾಚಾರ.

ಈ ಲೆಕ್ಕಾಚಾರವು ಬಹಳ ಸಲ ಕೈಕೊಡುತ್ತದೆ. ದಿನವಿಡೀ ಎಂಜಿನ್ ಓಡಿದರೂ ರಾತ್ರಿ ಎರಡು ಗಂಟೆಯಲ್ಲಿ ಇನ್ವರ್ಟರ್ ಕೂಗಲಾರಂಭಿಸುತ್ತದೆ. ಐದು ವರ್ಷ ಬಾಳಬೇಕಾದ ಬ್ಯಾಟರಿಯು ಒಂದೂವರೆ ವರ್ಷಕ್ಕೆ ಸತ್ತುಹೋಗುತ್ತದೆ. ಮಾಲೀಕರು ಬ್ಯಾಟರಿಯನ್ನು ಶಪಿಸುತ್ತಾ ಹೊಸದನ್ನು ಖರೀದಿಸುತ್ತಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಗುವ ಈ ವೆಚ್ಚವನ್ನು ಒಂದು ಮೀಟರು ಮತ್ತು ಅರ್ಧ ದಿನದ ತಾಳ್ಮೆಯಿಂದ ತಪ್ಪಿಸಬಹುದು. ಅದರ ಬಗೆಯನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಹೆಸರು ಒಂದು, ಯಂತ್ರ ಎರಡು

ಮೊದಲು ಒಂದು ಗೊಂದಲವನ್ನು ನಿವಾರಿಸಿಕೊಳ್ಳುವುದು ಒಳಿತು. ಮಾರುಕಟ್ಟೆಯಲ್ಲಿ ‘ಇನ್ವರ್ಟರ್ ವೆಲ್ಡಿಂಗ್ ಯಂತ್ರ’ ಎಂಬ ಹಗುರವಾದ ಯಂತ್ರವೊಂದು ಬಂದಿದೆ. ಅದು ವಿದ್ಯುತ್ತನ್ನು ಪಡೆದು ಬೆಸುಗೆ ಹಾಕುವ ಯಂತ್ರ. ಇಲ್ಲಿ ಪ್ರಸ್ತಾಪಿಸುತ್ತಿರುವುದು ಬ್ಯಾಟರಿಯ ಡಿ.ಸಿ. ವಿದ್ಯುತ್ತನ್ನು 230 ವೋಲ್ಟಿನ ಎ.ಸಿ. ವಿದ್ಯುತ್ತಾಗಿ ಪರಿವರ್ತಿಸುವ, ಮನೆ ಅಂಗಡಿಗಳಲ್ಲಿ ಯು.ಪಿ.ಎಸ್. ಎಂದೂ ಕರೆಯಲಾಗುವ ಇನ್ವರ್ಟರನ್ನು. ಅದರೊಳಗೆ ಬ್ಯಾಟರಿಯನ್ನು ತುಂಬಿಸುವ ಚಾರ್ಜರ್ ಕೂಡ ಇರುತ್ತದೆ.

ವೆಲ್ಡಿಂಗ್ ಜನರೇಟರಿನಲ್ಲಿಯೂ ಎರಡು ಬಗೆಯ ವಿದ್ಯುತ್ ದೊರೆಯುತ್ತದೆ. ಹೋಲ್ಡರ್ ಮತ್ತು ಅರ್ಥ್ ಕ್ಲಾಂಪುಗಳಿಗೆ ಬರುವುದು ಬೆಸುಗೆಯ ವಿದ್ಯುತ್. ರಾಡು ತಾಗಿಸುವ ಮುನ್ನ ಅಲ್ಲಿ ಸಾಮಾನ್ಯವಾಗಿ 60ರಿಂದ 80 ವೋಲ್ಟ್ ಇರುತ್ತದೆ. ಕಿಡಿ ಹತ್ತಿದ ಕೂಡಲೇ ವೋಲ್ಟೇಜು ಇಳಿದು ಕರೆಂಟು ನೂರಾರು ಆಂಪಿಯರಿಗೆ ಏರುತ್ತದೆ. ಎರಡನೆಯದು ಗ್ರೈಂಡರ್, ದೀಪ ಮುಂತಾದವುಗಳಿಗಾಗಿ ಸಾಕೆಟ್ಟಿನಲ್ಲಿ ಒದಗಿಸಿರುವ 230 ವೋಲ್ಟಿನ ಎ.ಸಿ. ವಿದ್ಯುತ್. ಇನ್ವರ್ಟರನ್ನು ಜೋಡಿಸತಕ್ಕದ್ದು ಈ ಎರಡನೆಯದಕ್ಕೆ ಮಾತ್ರ. ಆದರೆ ಅನೇಕ ಮಾದರಿಗಳಲ್ಲಿ ಎರಡಕ್ಕೂ ಎಂಜಿನ್ ಮಾತ್ರವಲ್ಲ, ಆಲ್ಟರ್ನೇಟರಿನ ಕಾಂತಕ್ಷೇತ್ರವೂ ಒಂದೇ. ಒಂದು ಕಡೆ ಎಳೆತ ಹೆಚ್ಚಿದರೆ ಇನ್ನೊಂದು ಕಡೆ ಕುಸಿತ ಕಾಣಿಸಿಕೊಳ್ಳುತ್ತದೆ. ಸಮಸ್ಯೆಯ ಬೇರು ಇಲ್ಲಿದೆ.

ಚಾರ್ಜರ್ ಬೇಡುವುದೇನು

12 ವೋಲ್ಟಿನ ಟ್ಯೂಬುಲರ್ ಬ್ಯಾಟರಿಯು ಪೂರ್ಣವಾಗಿ ತುಂಬಬೇಕಾದರೆ ಅದರ ಟರ್ಮಿನಲ್ಲುಗಳಲ್ಲಿ ಚಾರ್ಜಿಂಗ್ ವೋಲ್ಟೇಜು ಸುಮಾರು 14.4ಕ್ಕೆ ತಲುಪಿ ಕೆಲವು ಗಂಟೆಗಳ ಕಾಲ ಅಲ್ಲಿಯೇ ನಿಲ್ಲಬೇಕು. ತುಂಬಿದ ಮೇಲೆ ಅದನ್ನು ಹಾಗೆಯೇ ಕಾಯ್ದಿಡಲು 13.5ರಿಂದ 13.8 ಸಾಕು. ನಾಲ್ಕು ಬ್ಯಾಟರಿಗಳನ್ನು ಸರಣಿಯಲ್ಲಿ ಜೋಡಿಸಿದ 48 ವೋಲ್ಟಿನ ವ್ಯವಸ್ಥೆಗೆ 57.6 ವೋಲ್ಟ್ ಬೇಕು. ಕರೆಂಟು ಸಾಮಾನ್ಯವಾಗಿ ಬ್ಯಾಟರಿಯ ಸಾಮರ್ಥ್ಯದ ಹತ್ತನೆಯ ಒಂದು ಭಾಗ. ಎಂದರೆ 150 ಆಂಪಿಯರ್-ಅವರ್ ಬ್ಯಾಟರಿಗೆ 15 ಆಂಪಿಯರ್. ನಿಖರವಾದ ಅಂಕಿಗಳಿಗೆ ತಯಾರಕರ ಕೈಪಿಡಿಯೇ ಅಂತಿಮ ಪ್ರಮಾಣ.

ವೋಲ್ಟೇಜು 13ರ ಆಸುಪಾಸಿನಲ್ಲಿಯೇ ಉಳಿದರೆ ಬ್ಯಾಟರಿ ಅರೆಹೊಟ್ಟೆಯಲ್ಲಿರುತ್ತದೆ. ಹೀಗೆ ವಾರಗಟ್ಟಲೆ ಅರೆಹೊಟ್ಟೆಯಲ್ಲಿದ್ದಾಗ ಸೀಸದ ಪ್ಲೇಟುಗಳ ಮೇಲೆ ಸಲ್ಫೇಟ್ ಹರಳುಗಟ್ಟಿ ಗಟ್ಟಿಯಾಗುತ್ತದೆ. ಅಂತಹ ಬ್ಯಾಟರಿಯು ಮುಂದೆ ಎಷ್ಟು ಚಾರ್ಜ್ ಮಾಡಿದರೂ ಹಿಂದಿನ ಸಾಮರ್ಥ್ಯಕ್ಕೆ ಮರಳುವುದಿಲ್ಲ. ಒಂದೂವರೆ ವರ್ಷದಲ್ಲಿ ಸಾಯುವ ಬ್ಯಾಟರಿಗಳಲ್ಲಿ ಹಲವು ಸಾಯುವುದು ಈ ಹಸಿವಿನಿಂದ.

ಇಲ್ಲಿ ಮೀಟರನ್ನೂ ಮೋಸಗೊಳಿಸುವ ಒಂದು ಸೂಕ್ಷ್ಮವಿದೆ. 230 ವೋಲ್ಟ್ ಎಂಬುದು ಎ.ಸಿ. ಅಲೆಯ ಒಂದು ಬಗೆಯ ಸರಾಸರಿ. ಶುದ್ಧವಾದ ಅಲೆಯಲ್ಲಿ ಅದರ ತುದಿ 325 ವೋಲ್ಟಿಗೆ ಏರುತ್ತದೆ. ಟ್ರಾನ್ಸ್‌ಫಾರ್ಮರ್ ಆಧಾರಿತ ಹಳೆಯ ಮಾದರಿಯ ಚಾರ್ಜರುಗಳು ಅಲೆಯು ಈ ತುದಿಯ ಸಮೀಪಕ್ಕೆ ಬಂದಾಗ ಮಾತ್ರ ಬ್ಯಾಟರಿಗೆ ಕರೆಂಟನ್ನು ತಳ್ಳಬಲ್ಲವು. ಏಕೆಂದರೆ ಬ್ಯಾಟರಿಯ ವೋಲ್ಟೇಜಿಗಿಂತ ಮೇಲಿನ ಒತ್ತಡ ಅಲ್ಲಿ ಮಾತ್ರ ದೊರೆಯುತ್ತದೆ. ಸಣ್ಣ ಆಲ್ಟರ್ನೇಟರುಗಳಲ್ಲಿ ಲೋಡು ಬಿದ್ದಾಗ ಅಲೆಯ ತುದಿ ಚಪ್ಪಟೆಯಾಗುತ್ತದೆ. ಮೀಟರು 220 ತೋರಿಸುತ್ತಿದ್ದರೂ ಚಾರ್ಜರಿಗೆ ಬೇಕಾದ ತುದಿಯೇ ಇರುವುದಿಲ್ಲ. ನೀರಿನ ತೊಟ್ಟಿಯಲ್ಲಿ ಸರಾಸರಿ ಮಟ್ಟ ಸರಿಯಿದ್ದರೂ ಮೇಲಿನ ತೂಬಿಗೆ ನೀರು ಎಟುಕದಂತೆ ಇದು. ಇತ್ತೀಚಿನ ಕೆಲವು ಎಲೆಕ್ಟ್ರಾನಿಕ್ ಚಾರ್ಜರುಗಳು ಒಳಬರುವ ವೋಲ್ಟೇಜು ತಗ್ಗಿದರೂ ಸರಿದೂಗಿಸಿಕೊಳ್ಳುತ್ತವೆ. ಹಳೆಯವುಗಳಿಗೆ ಆ ಶಕ್ತಿ ಇಲ್ಲ.

ಒಂದು ಮಾದರಿ ಸನ್ನಿವೇಶ

ವಿಷಯವನ್ನು ಅಂಕಿಗಳ ಮೂಲಕ ನೋಡಲು ಒಂದು ಕಲ್ಪಿತ ಉದಾಹರಣೆಯನ್ನು ತೆಗೆದುಕೊಳ್ಳಬಹುದು. ಕೊಳ್ಳೇಗಾಲದ ಫ್ಯಾಬ್ರಿಕೇಷನ್ ಘಟಕವೊಂದು ಮಲೆ ಮಹದೇಶ್ವರ ಬೆಟ್ಟದ ದಾರಿಯಲ್ಲಿ ಶಿವರಾತ್ರಿ ಜಾತ್ರೆಗೆ ಮುಂಚೆ ಮುಗಿಸಿಕೊಡಬೇಕಾದ ಶೆಡ್ಡಿನ ಕೆಲಸವನ್ನು ವಹಿಸಿಕೊಂಡಿದೆ. ತಡವಾದರೆ ಬಿಲ್ಲಿನಲ್ಲಿ ದಂಡ ಕಡಿತವಾಗುತ್ತದೆ. ಸ್ಥಳದಲ್ಲಿ ಡೀಸೆಲ್ ವೆಲ್ಡಿಂಗ್ ಜನರೇಟರ್, 48 ವೋಲ್ಟಿನ ಇನ್ವರ್ಟರ್ ಮತ್ತು 150 ಆಂಪಿಯರ್-ಅವರಿನ ನಾಲ್ಕು ಬ್ಯಾಟರಿಗಳಿವೆ. ದಿನಕ್ಕೆ ನಾಲ್ಕು ಗಂಟೆ ಎಂಜಿನ್ ಓಡುತ್ತದೆ. ಆದರೂ ಸಂಜೆಯ ಕೆಲಸಕ್ಕೆ ದೀಪ ನಿಲ್ಲುವುದಿಲ್ಲ. ಅಳತೆ ಮಾಡಿದಾಗ ದೊರೆತ ಅಂಕಿಗಳು ಇಂತಿವೆ ಎಂದು ಭಾವಿಸಬಹುದು:

ಜನರೇಟರಿನ ಸಾಕೆಟ್ಟಿನಲ್ಲಿ ಲೋಡು ಇಲ್ಲದಾಗ 228 ವೋಲ್ಟ್, 52 ಹರ್ಟ್ಸ್.
ಚಾರ್ಜರ್ ಮತ್ತು ಶೆಡ್ಡಿನ ಲೋಡು ಸೇರಿ 6.5 ಆಂಪಿಯರ್ ಎಳೆಯುವಾಗ ಅಲ್ಲಿಯೇ 214 ವೋಲ್ಟ್.
60 ಮೀಟರ್ ವೈರಿನ ಕೊನೆಯಲ್ಲಿ, ಇನ್ವರ್ಟರಿನ ಒಳಬಾಗಿಲಿನಲ್ಲಿ 205 ವೋಲ್ಟ್.
ರಾಡು ಕಿಡಿ ಹಿಡಿದಾಗ ಅದೇ ಜಾಗದಲ್ಲಿ 180 ವೋಲ್ಟಿಗಿಂತಲೂ ಕಡಿಮೆ.
ಇನ್ವರ್ಟರಿನ ಡಿ.ಸಿ. ಟರ್ಮಿನಲ್ಲಿನಲ್ಲಿ 53.4 ವೋಲ್ಟ್; ಬ್ಯಾಟರಿಗಳ ಟರ್ಮಿನಲ್ಲಿನಲ್ಲಿ 51.6 ವೋಲ್ಟ್.
ಚಾರ್ಜಿಂಗ್ ಕರೆಂಟು 15ರ ಬದಲು 9 ಆಂಪಿಯರ್.
ಬ್ಯಾಟರಿಗಳನ್ನು ಒಂದೊಂದಾಗಿ ಅಳೆದಾಗ ಮೂರರಲ್ಲಿ 13.0, ನಾಲ್ಕನೆಯದರಲ್ಲಿ 12.6 ವೋಲ್ಟ್.

57.6 ಇರಬೇಕಾದ ಕಡೆ 51.6 ಇದೆ. ಈ 6 ವೋಲ್ಟಿನ ಕೊರತೆಗೆ ಯಾವುದೋ ಒಂದೇ ದೊಡ್ಡ ದೋಷ ಕಾರಣವಲ್ಲ. ಜನರೇಟರು, ವೈರು, ಕಿಡಿ, ಲಗ್ಗು, ಬ್ಯಾಟರಿ ಹೀಗೆ ಐದು ಕಡೆ ಸಣ್ಣ ಸಣ್ಣ ಸೋರಿಕೆಗಳಿವೆ. ವ್ಯಾಪಾರದ ಲಾಭವು ಒಂದೇ ತೂತಿನಲ್ಲಿ ಸೋರದೆ ಹತ್ತಾರು ಸಣ್ಣ ಖರ್ಚುಗಳಲ್ಲಿ ಕರಗುವಂತೆಯೇ ಇದು.

ತಪಾಸಣೆಯ ಕ್ರಮ

ದೋಷ ಹುಡುಕುವಾಗ ಎಂಜಿನ್ನಿನಿಂದ ಆರಂಭಿಸಿ ಬ್ಯಾಟರಿಯವರೆಗೆ ಒಂದೊಂದೇ ಮೆಟ್ಟಿಲನ್ನು ಇಳಿಯುತ್ತಾ ಬರಬೇಕು. ನಡುವಿನಿಂದ ಆರಂಭಿಸಿದರೆ ಊಹೆಗೆ ಎಡೆಯಾಗುತ್ತದೆ. ವಿರೂಪಗೊಂಡ ಅಲೆಯನ್ನೂ ಸರಿಯಾಗಿ ಓದಬಲ್ಲ ‘ಟ್ರೂ ಆರ್.ಎಂ.ಎಸ್.’ ಮಾದರಿಯ ಮಲ್ಟಿಮೀಟರ್ ಮತ್ತು ಡಿ.ಸಿ. ಕರೆಂಟನ್ನೂ ಅಳೆಯಬಲ್ಲ ಟಾಂಗ್ ಟೆಸ್ಟರ್ ಇರಬೇಕು. ಅಗ್ಗದ ಮೀಟರುಗಳು ಜನರೇಟರಿನ ಅಲೆಯನ್ನು ತಪ್ಪಾಗಿ ಓದುವುದುಂಟು. 230 ವೋಲ್ಟಿನ ಭಾಗದ ಅಳತೆಗಳನ್ನು ಅರ್ಹ ಎಲೆಕ್ಟ್ರಿಷಿಯನ್ ಕೈಯಲ್ಲಿಯೇ ಮಾಡಿಸತಕ್ಕದ್ದು.

ಮೊದಲನೆಯದಾಗಿ, ಎಂಜಿನ್ನಿನ ವೇಗ. ನಾಲ್ಕು ಪೋಲಿನ ಆಲ್ಟರ್ನೇಟರ್ ನಿಮಿಷಕ್ಕೆ 1,500 ಸುತ್ತು ತಿರುಗಿದರೆ 50 ಹರ್ಟ್ಸ್ ದೊರೆಯುತ್ತದೆ. 1,440 ಸುತ್ತಿಗೆ 48 ಹರ್ಟ್ಸ್. ಯಾಂತ್ರಿಕ ಗವರ್ನರ್ ಇರುವ ಎಂಜಿನ್ನಿನ ವೇಗವು ಲೋಡು ಬಿದ್ದಂತೆ ಸ್ವಲ್ಪ ಇಳಿಯುವುದು ಸ್ವಾಭಾವಿಕ. ಆದ್ದರಿಂದ ಲೋಡು ಇಲ್ಲದಾಗ ಸುಮಾರು 52 ಹರ್ಟ್ಸ್ ಇದ್ದು, ಪೂರ್ಣ ಲೋಡಿನಲ್ಲಿ 50ಕ್ಕೆ ಬರುವಂತೆ ಹೊಂದಿಸಿರುತ್ತಾರೆ. ಲೋಡಿನಲ್ಲಿ 47ಕ್ಕಿಂತ ಕೆಳಗಿಳಿದರೆ ಡೀಸೆಲ್ ಫಿಲ್ಟರ್, ಏರ್ ಫಿಲ್ಟರ್ ಮತ್ತು ಗವರ್ನರುಗಳನ್ನು ಪರಿಶೀಲಿಸಬೇಕು. ಇಂಧನ ಉಳಿಸಲೆಂದು ಥ್ರಾಟಲನ್ನು ತಗ್ಗಿಸಿ ಕಟ್ಟುವ ಅಭ್ಯಾಸ ಕೆಲವೆಡೆ ಇದೆ. ಅದರಿಂದ ಉಳಿಯುವ ಡೀಸೆಲಿಗಿಂತ ಕೆಡುವ ಬ್ಯಾಟರಿಯ ಬೆಲೆ ಹೆಚ್ಚು.

ಎರಡನೆಯದಾಗಿ, ಸಾಕೆಟ್ಟಿನ ವೋಲ್ಟೇಜು. ಲೋಡು ಇಲ್ಲದಾಗ ಒಮ್ಮೆ, ಚಾರ್ಜರ್ ಎಳೆಯುವಾಗ ಒಮ್ಮೆ, ಬೆಸುಗೆ ನಡೆಯುವಾಗ ಒಮ್ಮೆ ಹೀಗೆ ಮೂರು ಬಾರಿ ಅಳೆಯಬೇಕು. ಸರಿಯಾದ ವೇಗದಲ್ಲಿಯೂ ವೋಲ್ಟೇಜು ಕಡಿಮೆಯಿದ್ದರೆ ಕಾರ್ಬನ್ ಬ್ರಷ್, ಸ್ಲಿಪ್ ರಿಂಗ್ ಹಾಗೂ ವೋಲ್ಟೇಜು ನಿಯಂತ್ರಿಸುವ ಎ.ವಿ.ಆರ್. ಕಡೆ ಗಮನ ಹರಿಸಬೇಕು.

ಮೂರನೆಯದಾಗಿ, ವೈರು. ಹೊಗೆ ಮತ್ತು ಸದ್ದಿಗೆ ಬೇಸತ್ತು ಜನರೇಟರನ್ನು ದೂರವಿಟ್ಟು ಕೈಗೆ ಸಿಕ್ಕ ವೈರನ್ನು ಎಳೆಯುವುದು ಸಾಮಾನ್ಯ. 1.5 ಚದರ ಮಿಲಿಮೀಟರಿನ ತಾಮ್ರದ ವೈರಿಗೆ ಕಿಲೋಮೀಟರಿಗೆ ಸುಮಾರು 12 ಓಮ್ ರೋಧವಿದೆ. 60 ಮೀಟರಿನ ವೈರಿನಲ್ಲಿ ಕರೆಂಟು ಹೋಗಿ ಬರುವ ದಾರಿ 120 ಮೀಟರ್. ರೋಧ ಸುಮಾರು 1.45 ಓಮ್. 6.5 ಆಂಪಿಯರಿಗೆ 9 ವೋಲ್ಟಿಗೂ ಮೀರಿದ ನಷ್ಟ. ಅದೇ ದೂರಕ್ಕೆ 4 ಚದರ ಮಿಲಿಮೀಟರಿನ ವೈರು ಹಾಕಿದರೆ ನಷ್ಟ 4 ವೋಲ್ಟಿನ ಒಳಗೆ ನಿಲ್ಲುತ್ತದೆ.

ನಾಲ್ಕನೆಯದಾಗಿ, ಇನ್ವರ್ಟರಿನ ಸ್ವಿಚ್ಚು. ಮನೆಬಳಕೆಯ ಹೆಚ್ಚಿನ ಇನ್ವರ್ಟರುಗಳಲ್ಲಿ ಎರಡು ವಿಧಾನಗಳಿರುತ್ತವೆ. ಯು.ಪಿ.ಎಸ್. ವಿಧಾನದಲ್ಲಿ ಸುಮಾರು 180ರಿಂದ 260 ವೋಲ್ಟಿನ ನಡುವಿನ ವಿದ್ಯುತ್ತನ್ನು ಮಾತ್ರ ಅದು ಒಪ್ಪಿಕೊಳ್ಳುತ್ತದೆ. ಇನ್ನೊಂದು ವಿಧಾನದಲ್ಲಿ ಸುಮಾರು 100ರಿಂದ 290 ವೋಲ್ಟಿನವರೆಗೂ ಒಪ್ಪುತ್ತದೆ. ಯು.ಪಿ.ಎಸ್. ವಿಧಾನದಲ್ಲಿದ್ದಾಗ ಪ್ರತಿ ಬಾರಿ ಕಿಡಿ ಹತ್ತಿದಾಗಲೂ ವೋಲ್ಟೇಜು 180ಕ್ಕಿಂತ ಕೆಳಗಿಳಿದು, ಇನ್ವರ್ಟರು ಜನರೇಟರನ್ನು ತ್ಯಜಿಸಿ ಬ್ಯಾಟರಿಗೆ ಹೊರಳುತ್ತದೆ. ಕಿಡಿ ನಿಂತ ಮೇಲೆ ಕೆಲವು ಸೆಕೆಂಡು ಕಾದು ಮರಳುತ್ತದೆ. ಅಷ್ಟರಲ್ಲಿ ಮುಂದಿನ ರಾಡು ಸಿದ್ಧವಾಗಿರುತ್ತದೆ! ರಿಲೇಯ ‘ಟಕ್ ಟಕ್’ ಸದ್ದು ಮತ್ತೆ ಮತ್ತೆ ಕೇಳುತ್ತಿದ್ದರೆ ಇದೇ ಕಾರಣವೆಂದು ತಿಳಿಯಬಹುದು. ಚಾರ್ಜ್ ಆಗಬೇಕಾದ ಹೊತ್ತಿನಲ್ಲಿ ಬ್ಯಾಟರಿಯು ಖಾಲಿಯಾಗುತ್ತಿರುತ್ತದೆ.

ಐದನೆಯದಾಗಿ, ಬ್ಯಾಟರಿಯ ಕಡೆಯ ಜೋಡಣೆಗಳು. ಇನ್ವರ್ಟರಿನ ಟರ್ಮಿನಲ್ಲಿಗೂ ಬ್ಯಾಟರಿಯ ಟರ್ಮಿನಲ್ಲಿಗೂ 1.8 ವೋಲ್ಟಿನ ಅಂತರವಿದ್ದರೆ ಅದು ಸಡಿಲವಾದ ಅಥವಾ ಹಸಿರು ಕಿಲುಬು ಹಿಡಿದ ಲಗ್ಗಿನ ಕೆಲಸ. ಡಿ.ಸಿ. ಭಾಗದಲ್ಲಿ ಒಂದೊಂದು ವೋಲ್ಟೂ ಅಮೂಲ್ಯ. 230ರಲ್ಲಿ 2 ವೋಲ್ಟ್ ಹೋದರೆ ಲೆಕ್ಕಕ್ಕಿಲ್ಲ. 48ರಲ್ಲಿ 2 ವೋಲ್ಟ್ ಹೋದರೆ ಬ್ಯಾಟರಿ ತುಂಬುವುದೇ ಇಲ್ಲ. ಪ್ರತಿ ಜೋಡಣೆಯ ಎರಡೂ ಬದಿಗೆ ಮೀಟರಿನ ಮೊನೆಗಳನ್ನಿಟ್ಟು ಅಳೆದರೆ ಕಳ್ಳ ಲಗ್ಗು ಯಾವುದೆಂದು ತಿಳಿಯುತ್ತದೆ.

ಆರನೆಯದಾಗಿ, ಬ್ಯಾಟರಿಗಳು. ಸರಣಿಯಲ್ಲಿ ಒಂದು ಬ್ಯಾಟರಿ ದುರ್ಬಲವಾದರೆ ಉಳಿದ ಮೂರೂ ಅದರ ಜೊತೆಗೆ ಸೊರಗುತ್ತವೆ. ಚಾರ್ಜ್ ನಿಲ್ಲಿಸಿ ಕೆಲವು ಗಂಟೆಗಳ ನಂತರ ಪ್ರತಿ ಬ್ಯಾಟರಿಯನ್ನೂ ಪ್ರತ್ಯೇಕವಾಗಿ ಅಳೆಯಬೇಕು. ತುಂಬಿದ ಬ್ಯಾಟರಿಯಲ್ಲಿ ಸುಮಾರು 12.7 ವೋಲ್ಟ್, ಅರ್ಧ ತುಂಬಿದ್ದರಲ್ಲಿ ಸುಮಾರು 12.2 ವೋಲ್ಟ್ ಇರುತ್ತದೆ. ಹೈಡ್ರೋಮೀಟರಿನಿಂದ ಪ್ರತಿ ಸೆಲ್ಲನ್ನೂ ಪರೀಕ್ಷಿಸಿ, ಒಂದು ಸೆಲ್ ಮಾತ್ರ ಉಳಿದವುಗಳಿಗಿಂತ ಬಹಳ ಕೆಳಗಿದ್ದರೆ ಆ ಬ್ಯಾಟರಿಯನ್ನು ಸರಣಿಯಿಂದ ತೆಗೆದು ಬೇರೆಯಾಗಿ ಪರೀಕ್ಷೆಗೆ ಕಳುಹಿಸಬೇಕು. ಡಿಸ್ಟಿಲ್ಡ್ ವಾಟರಿನ ಮಟ್ಟ ಇಳಿದಿದ್ದರೆ ತುಂಬಿಸಬೇಕು. ಬೋರ್‌ವೆಲ್ ನೀರನ್ನು ಎಂದಿಗೂ ಹಾಕಬಾರದು.

ಪರಿಹಾರ: ಖರ್ಚಿಲ್ಲದ್ದು ಮೊದಲು

ದೋಷಗಳು ತಿಳಿದ ಮೇಲೆ ಅಗ್ಗದ ಪರಿಹಾರದಿಂದ ದುಬಾರಿ ಪರಿಹಾರದ ಕಡೆಗೆ ಸಾಗುವುದು ಜಾಣತನ. ಲಗ್ಗುಗಳನ್ನು ಬಿಚ್ಚಿ, ಉಜ್ಜಿ, ಪೆಟ್ರೋಲಿಯಂ ಜೆಲ್ಲಿ ಸವರಿ ಬಿಗಿಗೊಳಿಸಲು ಖರ್ಚಿಲ್ಲ. ಸ್ವಿಚ್ಚಿನ ವಿಧಾನ ಬದಲಿಸಲು ಖರ್ಚಿಲ್ಲ. ಆದರೆ ಅಗಲ ವ್ಯಾಪ್ತಿಯ ವಿಧಾನದಲ್ಲಿ ಜನರೇಟರಿನ ಏರಿಳಿತವು ಕಂಪ್ಯೂಟರಿಗೂ ತಲುಪುತ್ತದೆ ಎಂಬುದು ನೆನಪಿರಬೇಕು. ಮೂರನೆಯದು ಮೊದಲ ನೋಟಕ್ಕೆ ವಿಚಿತ್ರವೆನಿಸುವ ಉಪಾಯ: ಇನ್ವರ್ಟರಿನಲ್ಲಿ ಸೌಲಭ್ಯವಿದ್ದರೆ ಚಾರ್ಜಿಂಗ್ ಕರೆಂಟನ್ನು ಒಂದು ಹಂತ ತಗ್ಗಿಸುವುದು. ಚಾರ್ಜರಿನ ಎಳೆತ ಕಡಿಮೆಯಾದಾಗ ಅಲೆಯ ತುದಿ ಮತ್ತೆ ಮೇಲೇಳುತ್ತದೆ, ವೈರಿನ ನಷ್ಟವೂ ತಗ್ಗುತ್ತದೆ. ಅಸ್ಥಿರವಾದ 15 ಆಂಪಿಯರಿಗಿಂತ ಸ್ಥಿರವಾದ 10 ಆಂಪಿಯರ್ ಮೇಲು.

ನಾಲ್ಕನೆಯ ಪರಿಹಾರವು ಯಂತ್ರದ್ದಲ್ಲ, ವೇಳಾಪಟ್ಟಿಯದು. ಬೆಸುಗೆ ಮತ್ತು ಚಾರ್ಜಿಂಗನ್ನು ಒಂದೇ ಸಮಯದಲ್ಲಿ ಮಾಡಬಾರದು. ಕಬ್ಬಿಣವನ್ನು ಅಳೆದು, ಕತ್ತರಿಸಿ, ಗ್ರೈಂಡಿಂಗ್ ಮಾಡುವ ಹೊತ್ತನ್ನು ಒಟ್ಟುಗೂಡಿಸಿ ಎರಡು ಗಂಟೆ ಚಾರ್ಜಿಂಗಿಗೆ ಮೀಸಲಿಟ್ಟರೆ ಎಂಜಿನ್ನಿಗೂ ಸಾಕಷ್ಟು ಲೋಡು ದೊರೆಯುತ್ತದೆ, ವೋಲ್ಟೇಜೂ ಸ್ಥಿರವಾಗಿರುತ್ತದೆ. ಗ್ರೈಂಡರಿನ ಎಳೆತವು ವೆಲ್ಡಿಂಗ್ ಕಿಡಿಯಷ್ಟು ಒರಟಲ್ಲ. ಇದಾದ ಮೇಲೆ ದಪ್ಪ ವೈರು, ಗವರ್ನರ್ ದುರಸ್ತಿ. ಕೊನೆಯದಾಗಿ ಹೊಸ ಮಾದರಿಯ ಪ್ರತ್ಯೇಕ ಚಾರ್ಜರ್.

ಲೆಕ್ಕ ಏನು ಹೇಳುತ್ತದೆ

ಎಲ್ಲವೂ ಸರಿಯಾದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ: ನಾಲ್ಕು ಗಂಟೆಯ ಎಂಜಿನ್ನಿನಿಂದ ಬ್ಯಾಟರಿ ತುಂಬೀತೆ? ಮೇಲಿನ ಉದಾಹರಣೆಯಲ್ಲಿ ಬ್ಯಾಟರಿಗಳ ಒಟ್ಟು ಸಾಮರ್ಥ್ಯ 7.2 ಯೂನಿಟ್. ಅರ್ಧ ಬಳಸಿದರೆ 75 ಆಂಪಿಯರ್-ಅವರ್ ಖಾಲಿಯಾಗುತ್ತದೆ. ಬ್ಯಾಟರಿಯ ಒಳನಷ್ಟವನ್ನು ಸೇರಿಸಿದರೆ ಮರಳಿ ತುಂಬಲು ಸುಮಾರು 88 ಆಂಪಿಯರ್-ಅವರ್ ಬೇಕು. 15 ಆಂಪಿಯರಿನಂತೆ ಕನಿಷ್ಠ 6 ಗಂಟೆ. ಕೊನೆಯ ಹಂತದಲ್ಲಿ ಕರೆಂಟು ತಾನಾಗಿ ಇಳಿಯುವುದರಿಂದ ವಾಸ್ತವದಲ್ಲಿ ಇನ್ನೂ ಹೆಚ್ಚು. ದೋಷವಿದ್ದ ಸ್ಥಿತಿಯಲ್ಲಿ ನಾಲ್ಕು ಗಂಟೆಯಲ್ಲಿ ಎರಡು ಗಂಟೆ ಮಾತ್ರ ಚಾರ್ಜಿಂಗ್ ನಡೆದಿದ್ದರೆ, 9 ಆಂಪಿಯರಿನಂತೆ ತುಂಬಿದ್ದು 18 ಆಂಪಿಯರ್-ಅವರ್. ಬೇಕಾದದ್ದು 88, ಜಮೆಯಾದದ್ದು 18. ಯಾವ ಖಾತೆಯಾದರೂ ಹೀಗೆ ನಡೆದರೆ ದಿವಾಳಿಯಾಗದೆ ಇರದು.

ಈಗ ವೆಚ್ಚವನ್ನು ನೋಡಬಹುದು. 88 ಆಂಪಿಯರ್-ಅವರ್ ತುಂಬಲು ಚಾರ್ಜರಿನ ನಷ್ಟವೂ ಸೇರಿ ಸುಮಾರು 6 ಯೂನಿಟ್ ವಿದ್ಯುತ್ ಬೇಕು. ಅದರಿಂದ ಇನ್ವರ್ಟರಿನ ಮೂಲಕ ಬಳಕೆಗೆ ದೊರೆಯುವುದು ಸುಮಾರು 3 ಯೂನಿಟ್. ಡೀಸೆಲ್ ಲೀಟರಿಗೆ 90 ರೂಪಾಯಿ, ನಿಗಮದ ವಿದ್ಯುತ್ತು ಯೂನಿಟ್ಟಿಗೆ 10 ರೂಪಾಯಿ ಎಂದು ಲೆಕ್ಕಕ್ಕಾಗಿ ಹಿಡಿದರೆ ಫಲಿತಾಂಶ ಹೀಗಿದೆ:

ಬೇರೆ ಕೆಲಸವಿಲ್ಲದೆ ಬ್ಯಾಟರಿಗಾಗಿಯೇ ದೊಡ್ಡ ಎಂಜಿನ್ ಓಡಿಸಿದರೆ ಲೀಟರಿಗೆ 1.5 ಯೂನಿಟ್ಟಿನಂತೆ 4 ಲೀಟರ್, 360 ರೂಪಾಯಿ. ಬಳಕೆಯ ಯೂನಿಟ್ಟಿಗೆ 120 ರೂಪಾಯಿ.
ಗ್ರೈಂಡರ್ ಮುಂತಾದ ಉತ್ತಮ ಲೋಡಿನ ಜೊತೆಯಲ್ಲಿ ಲೀಟರಿಗೆ 3 ಯೂನಿಟ್ಟಿನಂತೆ 2 ಲೀಟರ್, 180 ರೂಪಾಯಿ; ಬಳಕೆಯ ಯೂನಿಟ್ಟಿಗೆ 60 ರೂಪಾಯಿ.
ರಾತ್ರಿ ಅಂಗಡಿಯಲ್ಲಿ ನಿಗಮದ ವಿದ್ಯುತ್ತಿನಿಂದ 60 ರೂಪಾಯಿ. ಬಳಕೆಯ ಯೂನಿಟ್ಟಿಗೆ 20 ರೂಪಾಯಿ.

ಇದರಿಂದ ಒಂದು ನೀತಿ ಸ್ಪಷ್ಟವಾಗುತ್ತದೆ. ಎಂಜಿನ್ ಹೇಗೂ ಓಡುತ್ತಿರುವಾಗ ಬ್ಯಾಟರಿಯ ಮೊದಲ ಹಂತದ ಹಸಿವನ್ನು ತೀರಿಸಿಕೊಳ್ಳಬೇಕು. ಗಂಟೆಗಟ್ಟಲೆ ಹಿಡಿಯುವ ಕೊನೆಯ ಶೇ. 20ರ ಭಾಗವನ್ನು ಡೀಸೆಲಿನಿಂದ ತುಂಬಿಸಲು ಹೋಗಬಾರದು. ಬ್ಯಾಟರಿಗಳು ವಾಹನದಲ್ಲಿಯೇ ಇದ್ದು ರಾತ್ರಿ ಕೊಳ್ಳೇಗಾಲಕ್ಕೆ ಮರಳುವಂತಿದ್ದರೆ ಉಳಿದದ್ದನ್ನು ಅಂಗಡಿಯ ವಿದ್ಯುತ್ತಿನಿಂದ ತುಂಬಿಸಬಹುದು. ವಾರಗಟ್ಟಲೆ ಸ್ಥಳದಲ್ಲಿಯೇ ಉಳಿಯುವ ಕೆಲಸಕ್ಕೆ ಸೌರ ಫಲಕ ಸೂಕ್ತ. ಒಂದು ಕಿಲೋವ್ಯಾಟ್ ಫಲಕವು ಬಿಸಿಲಿನ ದಿನ ಸುಮಾರು 4 ಯೂನಿಟ್ ನೀಡಬಲ್ಲದು. ಕೊನೆಯ ಹಂತದ ನಿಧಾನ ಚಾರ್ಜಿಂಗಿಗೆ ಅದು ಹೇಳಿ ಮಾಡಿಸಿದ ಸಾಧನ.

ಬ್ಯಾಟರಿಯ ಆಯುಷ್ಯದ ಲೆಕ್ಕ ಇನ್ನೂ ಗಂಭೀರವಾದದ್ದು. ಬ್ಯಾಟರಿಯೊಂದಕ್ಕೆ 15,000 ರೂಪಾಯಿ ಎಂದು ಹಿಡಿದರೆ ನಾಲ್ಕಕ್ಕೆ 60,000. ಐದು ವರ್ಷ ಬಾಳಿದರೆ ವರ್ಷಕ್ಕೆ 12,000 ರೂಪಾಯಿ. ಒಂದೂವರೆ ವರ್ಷಕ್ಕೆ ಕೆಟ್ಟರೆ ವರ್ಷಕ್ಕೆ 40,000 ರೂಪಾಯಿ. ವ್ಯತ್ಯಾಸ 28,000. ಶೇ. 10ರ ನಿವ್ವಳ ಲಾಭದಲ್ಲಿ ದುಡಿಯುವ ಘಟಕವು ಈ ಮೊತ್ತವನ್ನು ಮರಳಿ ಗಳಿಸಲು 2,80,000 ರೂಪಾಯಿಯ ಕೆಲಸ ಮಾಡಬೇಕು. ಕೆಲವೇ ಸಾವಿರ ರೂಪಾಯಿಯ ಒಳ್ಳೆಯ ಮೀಟರು ದುಬಾರಿ ಎನ್ನುವವರು ಈ ಅಂಕಿಯನ್ನು ಒಮ್ಮೆ ನೋಡುವುದು ಒಳ್ಳೆಯದು.

ಮಾಡಬಾರದ ಕೆಲಸಗಳು

ಹೋಲ್ಡರ್ ಮತ್ತು ಅರ್ಥ್ ಕ್ಲಾಂಪುಗಳನ್ನು ನೇರವಾಗಿ ಬ್ಯಾಟರಿಗೆ ಕಚ್ಚಿಸಿ ‘ಬೇಗ ಚಾರ್ಜ್’ ಮಾಡುವ ಸಾಹಸಕ್ಕೆ ಯಾರೂ ಕೈಹಾಕಬಾರದು. ಬೆಸುಗೆಯ ವಿದ್ಯುತ್ತಿಗೆ ಬ್ಯಾಟರಿ ತುಂಬಿತೆಂದು ನಿಲ್ಲುವ ವಿವೇಕವಿಲ್ಲ. ಬ್ಯಾಟರಿ ಕುದಿದು ಹೈಡ್ರೋಜನ್ ಅನಿಲವನ್ನು ಹೊರಸೂಸುತ್ತದೆ. ಗಾಳಿಯಲ್ಲಿ ಶೇ. 4ರಷ್ಟು ಸೇರಿದರೂ ಈ ಅನಿಲ ಒಂದು ಕಿಡಿಗೆ ಸ್ಫೋಟಿಸಬಲ್ಲದು. ಅದೇ ಕಾರಣಕ್ಕೆ ಬ್ಯಾಟರಿಗಳನ್ನು ಬೆಸುಗೆಯ ಸ್ಥಳದಿಂದ ದೂರ, ಗಾಳಿಯಾಡುವ ಜಾಗದಲ್ಲಿ ಇಡಬೇಕು.

ಇನ್ವರ್ಟರ್ ಅಳವಡಿಸಿದ ವಾಹನದ ಚಾಸಿಗೆ ಬೆಸುಗೆ ಹಾಕಬೇಕಾಗಿ ಬಂದರೆ ಮೊದಲು ಇನ್ವರ್ಟರಿನ ಹಾಗೂ ಬ್ಯಾಟರಿಯ ಸಂಪರ್ಕಗಳನ್ನು ಕಳಚಬೇಕು. ಅರ್ಥ್ ಕ್ಲಾಂಪನ್ನು ಬೆಸುಗೆಯ ಜಾಗಕ್ಕೆ ಅತಿ ಸಮೀಪದಲ್ಲಿ ಹಾಕಬೇಕು. ಇಲ್ಲವಾದರೆ ನೂರಾರು ಆಂಪಿಯರ್ ಕರೆಂಟು ಇನ್ವರ್ಟರಿನ ಸಣ್ಣ ಅರ್ಥ್ ವೈರಿನ ದಾರಿಯನ್ನು ಹಿಡಿದೀತು. ಜನರೇಟರಿನ ನ್ಯೂಟ್ರಲ್ಲನ್ನು ಅದರ ಚೌಕಟ್ಟಿಗೆ ಜೋಡಿಸಬೇಕೇ, ಅರ್ಥಿಂಗ್ ಹೇಗಿರಬೇಕು ಎಂಬುದನ್ನು ತಯಾರಕರ ಕೈಪಿಡಿಯನ್ನು ನೋಡಿ ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರೇ ನಿರ್ಧರಿಸತಕ್ಕದ್ದು. ಕಟ್ಟಡದ ವೈರಿಂಗಿಗೆ ಜನರೇಟರ್ ಜೋಡಿಸುವುದಾದರೆ ಚೇಂಜ್ ಓವರ್ ಸ್ವಿಚ್ ಕಡ್ಡಾಯ. ನಿಗಮದ ತಂತಿಗೆ ಹಿಮ್ಮುಖವಾಗಿ ವಿದ್ಯುತ್ ಹರಿದರೆ ಕಂಬದ ಮೇಲಿರುವ ಲೈನ್‌ಮನ್ ಪ್ರಾಣಕ್ಕೆ ಸಂಚಕಾರ.

ಲೆಕ್ಕಪುಸ್ತಕದಲ್ಲಿ

ಡೀಸೆಲ್ ಜಿ.ಎಸ್.ಟಿ. ವ್ಯಾಪ್ತಿಗೆ ಬಂದಿಲ್ಲವಾದ್ದರಿಂದ ಅದರ ಮೇಲಿನ ತೆರಿಗೆಗೆ ಇನ್‌ಪುಟ್ ಕ್ರೆಡಿಟ್ ದೊರೆಯುವುದಿಲ್ಲ. ಪೂರ್ಣ ಬೆಲೆಯೂ ವೆಚ್ಚವೇ. ಬ್ಯಾಟರಿ, ಇನ್ವರ್ಟರ್ ಮತ್ತು ಕೇಬಲ್ಲುಗಳಿಗೆ ಸರಿಯಾದ ತೆರಿಗೆ ಬಿಲ್ಲು ಪಡೆದಿದ್ದರೆ ಸಾಮಾನ್ಯ ನೋಂದಣಿಯಲ್ಲಿರುವ ವರ್ತಕರಿಗೆ ಕ್ರೆಡಿಟ್ ಲಭ್ಯ. ಕಾಂಪೊಸಿಷನ್ ಯೋಜನೆಯಲ್ಲಿರುವವರಿಗೆ ಇಲ್ಲ. ಬಿಲ್ಲಿಲ್ಲದೆ ಅಗ್ಗಕ್ಕೆ ಕೊಂಡ ಬ್ಯಾಟರಿಯಲ್ಲಿ ಕ್ರೆಡಿಟ್ಟೂ ಇಲ್ಲ, ವಾರಂಟಿಯೂ ಇಲ್ಲ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಜಾರಿಯಲ್ಲಿರುವುದರಿಂದ ಹಳೆಯ ಬ್ಯಾಟರಿಯನ್ನು ಗುಜರಿಗೆ ಎಸೆಯದೆ ವಿತರಕರಿಗೆ ಅಥವಾ ನೋಂದಾಯಿತ ಸಂಸ್ಥೆಗೆ ಮರಳಿಸಿ, ಅದರ ಮೌಲ್ಯವನ್ನು ಬಿಲ್ಲಿನಲ್ಲಿ ಪ್ರತ್ಯೇಕವಾಗಿ ತೋರಿಸಿಕೊಳ್ಳಬೇಕು.

ಇವೆಲ್ಲಕ್ಕಿಂತ ಮುಖ್ಯವಾದದ್ದು ಒಂದು ಸಣ್ಣ ನೋಟ್‌ಬುಕ್. ದಿನಾಂಕ, ಎಂಜಿನ್ ಓಡಿದ ಗಂಟೆ, ಡೀಸೆಲ್, ಚಾರ್ಜ್ ಆಗುವಾಗ ಬ್ಯಾಟರಿಯ ವೋಲ್ಟೇಜು, ಬೆಳಿಗ್ಗೆ ಪ್ರತಿ ಬ್ಯಾಟರಿಯ ವೋಲ್ಟೇಜು, ನೀರು ಹಾಕಿದ ದಿನ ಇಷ್ಟನ್ನು ಬರೆದಿಟ್ಟರೆ ಸಾಕು. ವಾರಂಟಿಯ ವಿವಾದ ಬಂದಾಗ ಮಾಲೀಕರ ಮಾತಿಗಿಂತ ಈ ಪುಸ್ತಕದ ಮಾತಿಗೆ ಬೆಲೆ ಹೆಚ್ಚು. ಮುಂದಿನ ಟೆಂಡರಿನಲ್ಲಿ ವಿದ್ಯುತ್ ವೆಚ್ಚವನ್ನು ಅಂದಾಜಿನ ಬದಲು ಅಂಕಿಯಿಂದ ನಮೂದಿಸಲೂ ಇದು ನೆರವಾಗುತ್ತದೆ.

ಪ್ರತಿದಿನ ಸಂಜೆ ಗಲ್ಲಾಪೆಟ್ಟಿಗೆಯ ಹಣವನ್ನು ಎಣಿಸಿ ಖಾತೆಗೆ ತಾಳೆ ನೋಡುವ ವರ್ತಕರು, ತಮ್ಮ ಬ್ಯಾಟರಿಗೆ ಎಷ್ಟು ಜಮೆಯಾಯಿತು, ಎಷ್ಟು ಖರ್ಚಾಯಿತು ಎಂಬುದನ್ನೂ ಹಾಗೆಯೇ ನೋಡುವ ಅಭ್ಯಾಸವನ್ನು ಬೆಳೆಸಿಕೊಳ್ಳಬೇಕು. ತುಂಬದ ಬ್ಯಾಟರಿಯನ್ನು ಬದಲಿಸುವ ಮುನ್ನ ಎಂಜಿನ್ನಿನಿಂದ ಲಗ್ಗಿನವರೆಗೆ ಒಮ್ಮೆ ಅಳೆದು ನೋಡಿದರೆ, ಅರ್ಧ ದಿನದ ಆ ಶ್ರಮವು ಜಾತ್ರೆಯ ಹೊತ್ತಿಗೆ ಕೆಲಸವನ್ನೂ ಮುಗಿಸಿಕೊಡುತ್ತದೆ, ವರ್ಷಾಂತ್ಯದ ಲಾಭವನ್ನೂ ಉಳಿಸಿಕೊಡುತ್ತದೆ.